ಸೆಕೆಂಡ್ ಹ್ಯಾಂಡ್ ಸ್ಕೂಬಾ ಕಿಟ್ ಅಗ್ಗಕ್ಕೆ ಸಿಗುತ್ತಿದೆಯೇ? ಮುಂಗಡ ಕೊಡುವ ಮುನ್ನ ಇಷ್ಟು ನೋಡಿ

ಅಹಮದಾಬಾದ್: ಮಣಿನಗರದ ಮನೆಯಲ್ಲಿ ಕೂತು ಹಳೇ ಸಾಮಾನು ಮಾರುವ ಆ್ಯಪ್ ತಿರುವುತ್ತಿದ್ದೀರಿ ಎಂದುಕೊಳ್ಳಿ. 'ಫುಲ್ ಸ್ಕೂಬಾ ಸೆಟ್, ನಾಲ್ಕೇ ಸಲ ಬಳಸಿದ್ದು, ಅರ್ಜೆಂಟ್ ಸೇಲ್' ಎಂಬ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಬೆಲೆ ಹೊಸದರ ಮೂರನೇ ಒಂದು ಭಾಗ. ಕಳೆದ ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಒಮ್ಮೆ ಮುಳುಗಿ ಬಂದಿದ್ದೀರಿ, ಆ ನೀಲಿ ಇನ್ನೂ ತಲೆಯಿಂದ ಇಳಿದಿಲ್ಲ. ಫೋನ್ ಮಾಡೋಣವೇ ಬೇಡವೇ?

ಬೈಕ್, ಫ್ರಿಜ್, ಸೋಫಾ ಆಗಿದ್ದರೆ ಇಷ್ಟು ಯೋಚಿಸಬೇಕಿರಲಿಲ್ಲ. ಹಳೇ ಫ್ರಿಜ್ ಕೆಟ್ಟರೆ ಹಾಲು ಒಡೆಯುತ್ತದೆ, ಅಷ್ಟೇ. ಸ್ಕೂಬಾ ಕಿಟ್‌ನಲ್ಲಿ ಕೆಲವು ಭಾಗಗಳು ಹಳೆಯದಾದರೂ ಏನೂ ಆಗುವುದಿಲ್ಲ, ಕೆಲವು ಕೆಟ್ಟರೆ ನೀರಿನಡಿ ಉಸಿರಿಗೇ ಸಂಚಕಾರ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿದುಕೊಂಡರೆ ಅರ್ಧ ನಿರ್ಧಾರ ಆದಂತೆ.

ಆಸೆ ಹುಟ್ಟಿದ್ದು ಎಲ್ಲಿಂದ?

ಭಟ್ಕಳ ತಾಲೂಕಿನ ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ಕನ್ನಡಿಗರ ಮನೆಮಾತಾಗಿದ್ದಕ್ಕೆ 2022ರಲ್ಲಿ ತೆರೆಕಂಡ 'ಗಂಧದ ಗುಡಿ'ಯ ಪಾಲೂ ಇದೆ. ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದ ದೃಶ್ಯಗಳನ್ನು ನೋಡಿ ಎಷ್ಟೋ ಮಂದಿ ಮೊದಲ ಬಾರಿಗೆ ಸ್ಕೂಬಾ ಬಗ್ಗೆ ವಿಚಾರಿಸಿದರು. ಗುಜರಾತಿನ ಕಡೆ ಆ ಕೆಲಸ ಮಾಡಿದ್ದು ದ್ವಾರಕೆ. 2024ರ ಫೆಬ್ರವರಿ 25ರಂದು ಪ್ರಧಾನಿ ನರೇಂದ್ರ ಮೋದಿ ದ್ವಾರಕೆಯ ಸಮುದ್ರದೊಳಗೆ ಇಳಿದ ಫೋಟೊಗಳು ಎಲ್ಲರ ಮೊಬೈಲ್‌ನಲ್ಲೂ ಹರಿದಾಡಿದವು.

ಅಂದಹಾಗೆ, ದ್ವಾರಕೆಯ ಸಮುದ್ರತಳವನ್ನು 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಡೈವರ್‌ಗಳನ್ನು ಇಳಿಸಿ ಶೋಧಿಸಿದ ತಂಡದ ಮುಂದಾಳು ಹೆಸರಲ್ಲೇ ಶಿಕಾರಿಪುರವನ್ನು ಹೊತ್ತಿದ್ದ ಎಸ್.ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್. ಅಹಮದಾಬಾದ್‌ಗೆ ಹತ್ತಿರದ ಲೋಥಲ್‌ನಲ್ಲಿ ಉತ್ಖನನ ನಡೆಸಿದವರೂ ಅವರೇ. ಗುಜರಾತಿನ ನೀರಿಗೂ ಕನ್ನಡಕ್ಕೂ ನಂಟು ಇವತ್ತಿನದಲ್ಲ.

ಆದರೆ ಆಸೆ ಬೇರೆ, ಭೂಗೋಳ ಬೇರೆ. ಮಣಿನಗರದವರಿಗೆ ನಡೆದು ಹೋಗುವಷ್ಟು ಹತ್ತಿರದ ನೀರೆಂದರೆ ಕಾಂಕರಿಯಾ ಕೆರೆ. ಅಲ್ಲಿ ಸ್ಕೂಬಾ ಮಾಡುವಂತಿಲ್ಲ. ಅಹಮದಾಬಾದ್, ವಡೋದರಾ, ಸೂರತ್‌ಗೆ ಹತ್ತಿರದ ಸಮುದ್ರ ಖಂಭಾತ್ ಕೊಲ್ಲಿ. ಅದು ಕೆಸರು ನೀರು, ಜತೆಗೆ ದೇಶದಲ್ಲೇ ಅತಿ ದೊಡ್ಡ ಉಬ್ಬರವಿಳಿತ ಇರುವ ಜಾಗಗಳಲ್ಲಿ ಒಂದು. ಅಲ್ಲಿ ಮುಳುಗಿದರೆ ನಿಮ್ಮ ಕೈ ನಿಮಗೇ ಕಾಣದು. ದ್ವಾರಕೆ ಬಳಿಯ ಶಿವರಾಜಪುರಕ್ಕೆ ಹೋಗಬೇಕೆಂದರೂ ಸುಮಾರು 450 ಕಿ.ಮೀ. ಪ್ರಯಾಣ. ಉಳಿದಂತೆ ಮಾಲ್ವಣ್, ಗೋವಾ, ನೇತ್ರಾಣಿ, ಲಕ್ಷದ್ವೀಪ, ಅಂಡಮಾನ್. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಾಗಿಲು ಬಂದ್. ಹೀಗಾಗಿ ಕೆಲಸಕ್ಕೆ ಹೋಗುವ ಒಬ್ಬರು ವರ್ಷಕ್ಕೆ ಎಷ್ಟು ದಿನ ನೀರಿಗಿಳಿಯಲು ಸಾಧ್ಯ ಎಂಬುದೇ ಮೊದಲ ಪ್ರಶ್ನೆ.

ಮೊದಲು ಒಂದು ಲೆಕ್ಕ

ಕೆಳಗಿನ ಅಂಕಿಗಳು ಮಾರುಕಟ್ಟೆ ದರವಲ್ಲ, ಲೆಕ್ಕ ಹಾಕುವ ಬಗೆ ತೋರಿಸಲು ಹಿಡಿದವು. ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಸೆಟ್‌ಗೆ 40,000 ರೂಪಾಯಿ ಕೊಟ್ಟಿರಿ. ರೆಗ್ಯುಲೇಟರ್ ಸರ್ವಿಸ್‌ಗೆ 12,000, ಎರಡು ಹೋಸ್ ಬದಲಿಸಲು 6,000, ಕಂಪ್ಯೂಟರ್ ಬ್ಯಾಟರಿಗೆ 2,000. ಒಟ್ಟು 60,000. ಡೈವ್ ಸೆಂಟರ್‌ನಲ್ಲಿ ಸ್ವಂತ ಕಿಟ್ ತಂದವರಿಗೆ ದಿನಕ್ಕೆ 1,000 ರೂಪಾಯಿ ಕಡಿಮೆ ಮಾಡುತ್ತಾರೆ ಎಂದುಕೊಂಡರೆ, ಹಾಕಿದ ದುಡ್ಡು ವಾಪಸ್ ಬರಲು 60 ಡೈವಿಂಗ್ ದಿನ ಬೇಕು. ವರ್ಷಕ್ಕೆ ಎರಡು ಟ್ರಿಪ್, ತಲಾ ಮೂರು ದಿನ ಎಂದರೆ ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಮತ್ತೆ ಮತ್ತೆ ಸರ್ವಿಸ್ ಮಾಡಿಸಲೇಬೇಕು. ಅಂದರೆ ಲೆಕ್ಕ ಎಂದಿಗೂ ಸರಿಹೋಗುವುದಿಲ್ಲ.

ನಮ್ಮ ದೇಶದ ಅನೇಕ ಸೆಂಟರ್‌ಗಳ ಪ್ಯಾಕೇಜ್‌ನಲ್ಲಿ ಕಿಟ್ ಬಾಡಿಗೆ ಸೇರಿಯೇ ಇರುತ್ತದೆ. ಸ್ವಂತ ಕಿಟ್ ತಂದರೆ ಎಷ್ಟು ಬಿಡುತ್ತೀರಿ ಎಂದು ನೀವು ಹೋಗುವ ಸೆಂಟರ್‌ಗೆ ಒಂದು ಫೋನ್ ಮಾಡಿ. 'ಏನೂ ಇಲ್ಲ ಸಾರ್' ಎಂಬ ಉತ್ತರ ಬಂದರೆ ಜಾಹೀರಾತು ಮುಚ್ಚಿಡಬಹುದು. ಇನ್ನೊಂದು ಲೆಕ್ಕ ತೂಕದ್ದು. ಜಾಕೆಟ್, ರೆಗ್ಯುಲೇಟರ್, ಫಿನ್ಸ್, ಸೂಟ್ ಎಲ್ಲ ಸೇರಿದರೆ ದೇಶೀಯ ವಿಮಾನದ 15 ಕೆ.ಜಿ. ಲಗೇಜ್ ಮಿತಿ ಬಹುತೇಕ ಅಲ್ಲಿಗೇ ಮುಗಿಯುತ್ತದೆ.

ಒಮ್ಮೆ ಮಾತ್ರ 'ಟ್ರೈ ಡೈವ್' ಮಾಡಿದವರಂತೂ ಈಗಲೇ ಏನೂ ಕೊಳ್ಳಬಾರದು. ತರಬೇತುದಾರರು ಕೈಹಿಡಿದು ಗರಿಷ್ಠ 12 ಮೀಟರ್‌ವರೆಗೆ ಕರೆದೊಯ್ಯುವ ಅನುಭವ ಅದು. ಸ್ವತಂತ್ರವಾಗಿ ಜೊತೆಗಾರರೊಂದಿಗೆ ಇಳಿಯಲು ಕನಿಷ್ಠ 'ಓಪನ್ ವಾಟರ್' ಸರ್ಟಿಫಿಕೇಟ್ ಬೇಕು, ಅದರ ಮಿತಿ 18 ಮೀಟರ್. ಆ ಕೋರ್ಸ್ ಮುಗಿಯುವಷ್ಟರಲ್ಲಿ ನಿಮಗೆ ಯಾವ ಬಗೆಯ ಜಾಕೆಟ್ ಹಿತ, ಯಾವ ಮಾಸ್ಕ್ ಮುಖಕ್ಕೆ ಹೊಂದುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಹಾಗಾದರೆ ಸೆಕೆಂಡ್ ಹ್ಯಾಂಡ್ ಯಾರಿಗೆ? ಸರ್ಟಿಫಿಕೇಟ್ ಪಡೆದು ವರ್ಷಕ್ಕೆ ಹದಿನೈದು, ಇಪ್ಪತ್ತು ದಿನ ನೀರಲ್ಲಿ ಇರುವವರಿಗೆ. ಡೈವ್ ಮಾಸ್ಟರ್ ಆಗಲು ಹೊರಟವರಿಗೆ. ಕರಾವಳಿಯಲ್ಲೇ ಮನೆ ಇರುವವರಿಗೆ. ಕನ್ನಡಕ ಹಾಕುವವರು ಅಥವಾ ಸಾಮಾನ್ಯ ಅಳತೆಗೆ ಹೊಂದದ ಮೈಕಟ್ಟಿನವರು ಒಂದೆರಡು ವಸ್ತು ಸ್ವಂತದ್ದು ಇಟ್ಟುಕೊಂಡರೆ ಅದರಲ್ಲೂ ಅರ್ಥವಿದೆ.

ಉಸಿರು ನಿಂತಿರುವುದು ರೆಗ್ಯುಲೇಟರ್ ಮೇಲೆ

1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ಸೇರಿ ರೂಪಿಸಿದ 'ಆಕ್ವಾ ಲಂಗ್'ನ ತತ್ವವೇ ಇವತ್ತಿಗೂ ನಡೆಯುತ್ತಿದೆ. ಸಿಲಿಂಡರ್‌ನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಕಾರಿನ ಟಯರ್‌ನಲ್ಲಿರುವುದು ಎರಡು, ಎರಡೂವರೆ ಬಾರ್ ಎಂದು ನೆನೆದರೆ ಇದರ ಅಬ್ಬರ ಅರ್ಥವಾದೀತು. ಸಿಲಿಂಡರ್‌ಗೆ ಕೂರುವ 'ಫಸ್ಟ್ ಸ್ಟೇಜ್' ಇದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್‌ನಷ್ಟು ಮಾತ್ರ ಹೆಚ್ಚಿರುವಂತೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವ 'ಸೆಕೆಂಡ್ ಸ್ಟೇಜ್' ಅದನ್ನು ನೀವಿರುವ ಆಳಕ್ಕೆ ತಕ್ಕ ಒತ್ತಡಕ್ಕೆ ತಂದು, ಎಳೆದಾಗ ಮಾತ್ರ ಬಿಡುತ್ತದೆ. ಜತೆಗಿರುವ ಇನ್ನೊಂದು ಸೆಕೆಂಡ್ ಸ್ಟೇಜ್‌ಗೆ 'ಆಕ್ಟೋಪಸ್' ಎಂದು ಹೆಸರು, ಅದು ಗಾಳಿ ಮುಗಿದ ಜೊತೆಗಾರರಿಗೆ. ಈ ಇಡೀ ಆಟ ನಿಂತಿರುವುದು ಸಣ್ಣ ರಬ್ಬರ್ ಉಂಗುರಗಳು, ಸ್ಪ್ರಿಂಗ್‌ಗಳು, ವಾಲ್ವ್‌ನ ಸೀಟ್‌ಗಳ ಮೇಲೆ. ಬಳಸದೆ ಅಟ್ಟದ ಮೇಲೆ ಇಟ್ಟರೂ ರಬ್ಬರ್ ಗಟ್ಟಿಯಾಗುತ್ತದೆ. ಆದ್ದರಿಂದ 'ನಾಲ್ಕೇ ಸಲ ಬಳಸಿದ್ದು' ಎಂಬುದು ಸಮಾಧಾನದ ಮಾತಲ್ಲ. ಆರು ವರ್ಷದಲ್ಲಿ ನಾಲ್ಕು ಸಲ ಬಳಸಿದ್ದಕ್ಕಿಂತ, ವರ್ಷಕ್ಕೆ ನೂರು ಸಲ ಬಳಸಿ ಕಾಲಕಾಲಕ್ಕೆ ಸರ್ವಿಸ್ ಮಾಡಿಸಿದ್ದೇ ವಾಸಿ.

ರೆಗ್ಯುಲೇಟರ್ ಕೆಟ್ಟರೆ ಗಾಳಿ ನಿಂತುಹೋಗುತ್ತದೆ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಆಗುವುದು ಇದರ ತದ್ವಿರುದ್ಧ. ನಲ್ಲಿ ಕಿತ್ತುಹೋದಂತೆ ಗಾಳಿ ಭರ್ರನೆ ಸುರಿಯುತ್ತದೆ, ಇದಕ್ಕೆ 'ಫ್ರೀ ಫ್ಲೋ' ಎನ್ನುತ್ತಾರೆ. ಸಾಮಾನ್ಯ ಸಿಲಿಂಡರ್‌ನ ಒಳಗಾತ್ರ 11 ಲೀಟರ್. 200 ಬಾರ್ ತುಂಬಿದರೆ ಅದರಲ್ಲಿ ಸುಮಾರು 2,200 ಲೀಟರ್ ಗಾಳಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವ ವ್ಯಕ್ತಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕಾಗುತ್ತದೆ, ಏಕೆಂದರೆ ಅಲ್ಲಿ ಒತ್ತಡ ಮೂರು ಪಟ್ಟು. ಸರಿಯಾಗಿದ್ದಾಗ ಅರ್ಧ ಗಂಟೆ ಬರುವ ಗಾಳಿ, ಫ್ರೀ ಫ್ಲೋ ಆದರೆ ಕೆಲವೇ ನಿಮಿಷಗಳಲ್ಲಿ ಖಾಲಿ. ಗಾಬರಿಯಲ್ಲಿ ಉಸಿರು ಹಿಡಿದು ಮೇಲಕ್ಕೆ ಧಾವಿಸಿದರೆ ಇನ್ನೂ ಅಪಾಯ. ಹತ್ತು ಮೀಟರ್ ಆಳದಲ್ಲಿ ಎಳೆದ ಉಸಿರು ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಅದನ್ನು ತಾಳುವುದಿಲ್ಲ.

ಹಾಗೆಂದು ಹಳೇ ರೆಗ್ಯುಲೇಟರ್ ಮುಟ್ಟಲೇಬಾರದು ಎಂದಲ್ಲ. ಲೋಹದ ದೇಹ ದಶಕಗಳ ಕಾಲ ಬಾಳುತ್ತದೆ, ರಬ್ಬರ್ ಭಾಗಗಳನ್ನು ಬದಲಿಸಿದರೆ ಹೊಸದರಂತೆಯೇ ಕೆಲಸ ಮಾಡುತ್ತದೆ. ಪ್ರಶ್ನೆ ಇರುವುದು ಆ ಬಿಡಿಭಾಗ ಇವತ್ತು ಸಿಗುತ್ತದೆಯೇ ಎಂಬಲ್ಲಿ. ಮಾರುವವರಿಂದ ಬ್ರ್ಯಾಂಡ್, ಮಾಡೆಲ್, ಸೀರಿಯಲ್ ನಂಬರ್ ಪಡೆದು, ಆ ಕಂಪನಿಯ ಅಧಿಕೃತ ಟೆಕ್ನಿಷಿಯನ್‌ಗೆ ಫೋನ್ ಮಾಡಿ 'ಇದರ ಸರ್ವಿಸ್ ಕಿಟ್ ಇದೆಯೇ, ಎಷ್ಟಾಗುತ್ತದೆ, ಎಷ್ಟು ದಿನ?' ಎಂದು ಕೇಳಿ. ಕಿಟ್ ಬರುವುದು ನಿಂತಿದ್ದರೆ ಅದು ರೆಗ್ಯುಲೇಟರ್ ಅಲ್ಲ, ಪೇಪರ್‌ವೇಟ್. ವರ್ಷಕ್ಕೊಮ್ಮೆ ಅಥವಾ ನೂರು ಡೈವ್‌ಗೊಮ್ಮೆ ಸರ್ವಿಸ್ ಎಂಬುದು ಬಹುಕಾಲದ ರೂಢಿ. ಈಗ ಕೆಲವು ಕಂಪನಿಗಳು ಎರಡು ವರ್ಷದವರೆಗೆ ಬಿಡುತ್ತವೆ.

ನೋಡಲು ಹೋದಾಗ ನೀವೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಫಸ್ಟ್ ಸ್ಟೇಜ್‌ನಲ್ಲಿ ಗಾಳಿ ಒಳಬರುವ ಬಾಯಿಗೆ ಒಂದು ಪುಟ್ಟ ಲೋಹದ ಫಿಲ್ಟರ್ ಇರುತ್ತದೆ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬೆಳ್ಳಗೆ ಹೊಳೆಯುತ್ತಿದ್ದರೆ ಸರಿ. ಹಸಿರು ಕಂಡರೆ ಉಪ್ಪುನೀರು ಒಳಹೊಕ್ಕು ಕಿಲುಬು ಹಿಡಿದಿದೆ. ಕೆಂಪು ಕಂಡರೆ ತುಕ್ಕು ಹಿಡಿದ ಸಿಲಿಂಡರ್‌ನ ಪುಡಿ. ಹಸಿರು ಕಂಡ ಕ್ಷಣ ಚೌಕಾಸಿ ನಿಲ್ಲಿಸಿ, ಥ್ಯಾಂಕ್ಸ್ ಹೇಳಿ ಎದ್ದುಬನ್ನಿ. ಆಮೇಲೆ ಆ ಬಾಯಿಯನ್ನು ಮುಚ್ಚಳದಿಂದ ಬಿಗಿಯಾಗಿ ಮುಚ್ಚಿ, ಮೌತ್‌ಪೀಸ್ ಕಚ್ಚಿ ಮೆಲ್ಲಗೆ ಎಳೆಯಿರಿ. ಸ್ವಲ್ಪವೂ ಗಾಳಿ ಬರಬಾರದು. ಬಂದರೆ ಒಳಗಿನ ರಬ್ಬರ್ ಪರದೆ ಅಥವಾ ಉಸಿರು ಹೊರಬಿಡುವ ವಾಲ್ವ್ ಹರಿದಿರಬಹುದು. ಆಕ್ಟೋಪಸ್‌ಗೂ ಇದೇ ಪರೀಕ್ಷೆ. ಹೋಸ್‌ಗಳ ತುದಿಗೆ ತೊಡಿಸಿದ ರಬ್ಬರ್ ಕವಚವನ್ನು ಹಿಂದಕ್ಕೆ ಸರಿಸಿ ನೋಡಿ, ಬಿರುಕುಗಳು ಅಡಗಿಕೊಳ್ಳುವ ಜಾಗ ಅದು. ಪ್ರೆಶರ್ ಗೇಜ್‌ನ ಮುಳ್ಳು ಗಾಳಿ ಇಲ್ಲದಾಗ ಸೊನ್ನೆಯಲ್ಲೇ ನಿಲ್ಲಬೇಕು.

ಸಿಲಿಂಡರ್‌ಗೆ ಜೋಡಿಸುವ ಕೊಂಡಿಯಲ್ಲಿ ಎರಡು ಜಾತಿ: ಹಿಡಿಯಂತೆ ಕಚ್ಚುವ 'ಯೋಕ್', ತಿರುಪಿನಂತೆ ಒಳಹೋಗುವ 'ಡಿನ್'. ನೀವು ಹೋಗುವ ಸೆಂಟರ್‌ನ ಸಿಲಿಂಡರ್ ಯಾವುದಕ್ಕೆ ಹೊಂದುತ್ತದೆ ಎಂದು ಮೊದಲೇ ಕೇಳದಿದ್ದರೆ ಅಡಾಪ್ಟರ್‌ಗಾಗಿ ಅಲೆಯಬೇಕಾದೀತು.

ಅಲಂಗ್‌ನಿಂದ ಬಂದದ್ದೆಲ್ಲ ಸ್ಕೂಬಾ ಅಲ್ಲ

ಗುಜರಾತಿನಲ್ಲಿ ಇರುವವರಿಗೆ ವಿಶೇಷವಾಗಿ ಒಂದು ಎಚ್ಚರಿಕೆ. ಅಹಮದಾಬಾದ್‌ನಲ್ಲಿ ಪ್ರತಿ ಭಾನುವಾರ ಸಾಬರಮತಿ ದಡದಲ್ಲಿ ನಡೆಯುವ ಹಳೇ ಸಾಮಾನಿನ ಸಂತೆಗೆ 'ಗುಜರಿ ಬಜಾರ್' ಎಂದೇ ಹೆಸರು. ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ. ಭಾವನಗರ ಜಿಲ್ಲೆಯ ಅಲಂಗ್ ಅದಕ್ಕಿಂತ ದೊಡ್ಡ ಗುಜರಿ. 1983ರಿಂದ ಪ್ರಪಂಚದ ಮೂಲೆಮೂಲೆಯ ಹಡಗುಗಳು ಅಲ್ಲಿಗೆ ಬಂದು ಒಡೆಯಲ್ಪಡುತ್ತಿವೆ. ಕುರ್ಚಿ, ಪಾತ್ರೆ, ಲೈಫ್ ಜಾಕೆಟ್ ಎಲ್ಲವೂ ರಸ್ತೆಬದಿಯ ಅಂಗಡಿಗಳಿಗೆ ಬರುತ್ತವೆ.

ಸಮುದ್ರಯಾನದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸರಕು ಹಡಗುಗಳಲ್ಲಿ ಬೆಂಕಿ ಆರಿಸುವವರಿಗಾಗಿ ಉಸಿರಾಟದ ಸೆಟ್ ಇರಲೇಬೇಕು. ಬೆನ್ನಿಗೆ ಸಿಲಿಂಡರ್, ಮುಖಕ್ಕೆ ಮುಖವಾಡ, ನಡುವೆ ಹೋಸ್. ತಿಳಿಯದವರ ಕಣ್ಣಿಗೆ ಥೇಟ್ ಸ್ಕೂಬಾ. ಹೆಸರಿನಲ್ಲೂ ಒಂದೇ ಅಕ್ಷರದ ವ್ಯತ್ಯಾಸ, ಅದು 'ಎಸ್‌ಸಿಬಿಎ'. ಆದರೆ ಅದು ಹೊಗೆಯೊಳಗೆ ಬಳಸಲು ಮಾಡಿದ್ದು, ನೀರಿನ ಆಳದ ಒತ್ತಡಕ್ಕಲ್ಲ. ಹೊಗೆ ಒಳನುಗ್ಗದಂತೆ ಮುಖವಾಡದೊಳಗೆ ಸದಾ ಹೆಚ್ಚುವರಿ ಒತ್ತಡ ಇರುವ ಹಾಗೆ ಅದರ ರಚನೆ. ನೀರಲ್ಲಿ ಅದನ್ನು ಧರಿಸುವುದು ಜೀವದ ಜತೆ ಚೆಲ್ಲಾಟ. ಹಾಗೆಯೇ ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರ್ ಕೂಡ ಡೈವಿಂಗ್‌ಗೆ ಅಲ್ಲ. ಶುದ್ಧ ಆಮ್ಲಜನಕ ಆರು ಮೀಟರ್‌ಗಿಂತ ಕೆಳಗೆ ವಿಷವಾಗುತ್ತದೆ, ನೀರಿನಲ್ಲೇ ಸೆಳೆತ ಬರಬಹುದು. ಸ್ಕೂಬಾ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ಇರುವುದು ಸೋಸಿದ ಮಾಮೂಲಿ ಗಾಳಿ.

ಸಿಲಿಂಡರ್ ಬೇಡವೇ ಬೇಡ

ಈ ಬಗ್ಗೆ ಹೆಚ್ಚು ಚರ್ಚೆ ಬೇಡ. ಡೈವ್ ಸೆಂಟರ್‌ಗಳೇ ಸಿಲಿಂಡರ್ ಕೊಡುತ್ತವೆ. ನಮ್ಮಲ್ಲಿ ಅಧಿಕ ಒತ್ತಡದ ಸಿಲಿಂಡರ್‌ಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಬರುತ್ತವೆ, ನಾಗ್ಪುರದಲ್ಲಿ ಕೇಂದ್ರ ಕಚೇರಿ ಇರುವ ಸ್ಫೋಟಕ ಸುರಕ್ಷತಾ ಸಂಸ್ಥೆ 'ಪೆಸೊ' ಅದನ್ನು ನೋಡಿಕೊಳ್ಳುತ್ತದೆ. ಕಾಲಕಾಲಕ್ಕೆ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ, ಆ ದಿನಾಂಕವನ್ನು ಸಿಲಿಂಡರ್‌ನ ಕುತ್ತಿಗೆ ಬಳಿ ಒತ್ತಿಸಿರಬೇಕು. ಹಳೇ ಅಲ್ಯೂಮಿನಿಯಂ ಸಿಲಿಂಡರ್‌ಗಳಲ್ಲಿ, ಅದರಲ್ಲೂ 1990ಕ್ಕಿಂತ ಹಿಂದಿನ 6351 ಎಂಬ ಮಿಶ್ರಲೋಹದವುಗಳಲ್ಲಿ, ಕುತ್ತಿಗೆ ಬಿರುಕು ಬಿಡುವ ಸಮಸ್ಯೆ ಇತ್ತು; ಕೆಲವು ಗಾಳಿ ತುಂಬುವಾಗಲೇ ಸಿಡಿದಿವೆ. ತುಂಬಿಸುವುದಾದರೂ ಎಲ್ಲಿ? ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ 200 ಬಾರ್ ಬರುವುದೂ ಇಲ್ಲ, ಬಂದರೂ ಅದರ ಎಣ್ಣೆ, ಹೊಗೆ ಬೆರೆತ ಗಾಳಿ ಉಸಿರಿಗೆ ತಕ್ಕದ್ದಲ್ಲ. ಸೆಟ್‌ನ ಜತೆ ಸಿಲಿಂಡರ್ 'ಫ್ರೀ' ಎಂದರೂ ಅಲ್ಲೇ ಬಿಟ್ಟುಬನ್ನಿ.

ಜಾಕೆಟ್ ಮತ್ತು ಕಂಪ್ಯೂಟರ್

ನೀರಲ್ಲಿ ತೇಲುವಿಕೆ ಹಿಡಿತದಲ್ಲಿಡುವ ಜಾಕೆಟ್‌ಗೆ 'ಬಿಸಿಡಿ' ಎನ್ನುತ್ತಾರೆ. ಬಾಯಿಂದ ಊದಿ ಗಟ್ಟಿಯಾಗಿ ತುಂಬಿಸಿ ಮೂಲೆಯಲ್ಲಿಡಿ, ಮಾರುವವರ ಜತೆ ಚಹಾ ಕುಡಿಯುತ್ತಾ ಅರ್ಧ ಗಂಟೆ ಕಳೆಯಿರಿ. ಆಗಲೂ ಅಷ್ಟೇ ಬಿಗಿಯಾಗಿದ್ದರೆ ಗಾಳಿಚೀಲ ಸರಿ ಇದೆ. ಅಲುಗಾಡಿಸಿದಾಗ ಒಳಗೆ ಉಪ್ಪಿನ ಹರಳು ಸದ್ದು ಮಾಡಿದರೆ ಬಳಸಿದವರು ತೊಳೆದಿಲ್ಲ. ತೊಳೆಯದವರು ರೆಗ್ಯುಲೇಟರ್ ಅನ್ನು ಹೇಗೆ ನೋಡಿಕೊಂಡಿರಬಹುದು ಎಂದು ನೀವೇ ಊಹಿಸಿ. ಮುಖ್ಯವಾದದ್ದು ಗಾಳಿ ತುಂಬುವ ಬಟನ್. ಒತ್ತಿ ಬಿಟ್ಟ ಕೂಡಲೇ ಚಟ್ಟನೆ ಹಿಂದಕ್ಕೆ ಬರಬೇಕು. ಅದು ಸಿಕ್ಕಿಕೊಂಡರೆ ಜಾಕೆಟ್ ತಾನಾಗಿ ಉಬ್ಬಿ ನಿಮ್ಮನ್ನು ಬಾಟಲಿಯ ಬಿರಡೆಯಂತೆ ಮೇಲಕ್ಕೆ ಎಸೆಯುತ್ತದೆ. ಉಬ್ಬುವ ಗಾಳಿಯ ಅಪಾಯ ಮೇಲೆ ಹೇಳಿದ್ದಷ್ಟೇ ಅಲ್ಲ, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುವ ಭಯವೂ ಇದೆ.

ಆ ಸಾರಜನಕದ ಲೆಕ್ಕ ಇಡುವುದೇ ಡೈವ್ ಕಂಪ್ಯೂಟರ್. ಇದನ್ನು ಹಳೆಯದಾಗಿ ಕೊಳ್ಳುವಾಗ ಕಂಪನಿಯ ಜಾಲತಾಣದಲ್ಲಿ ಆ ಮಾಡೆಲ್ ಹಿಂಪಡೆಯಲಾಗಿದೆಯೇ ಎಂದು ನೋಡಲೇಬೇಕು. 1990ರ ದಶಕದ ಒಂದು ಹೆಸರಾಂತ ಮಾಡೆಲ್‌ನ ಸಾಫ್ಟ್‌ವೇರ್ ಈ ಲೆಕ್ಕವನ್ನೇ ತಪ್ಪಾಗಿ ಮಾಡುತ್ತಿದ್ದುದರಿಂದ 2003ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು. ನೋಡಲು ಹೋದಾಗ ಲಾಗ್ ತೆರೆಸಿ. ಒಟ್ಟು ಡೈವ್ ಎಷ್ಟು, ಗರಿಷ್ಠ ಆಳ ಎಷ್ಟು ಎಂದು ಅದೇ ಹೇಳುತ್ತದೆ. 'ನಾಲ್ಕೇ ಸಲ' ಎಂದವರ ಕಂಪ್ಯೂಟರ್‌ನಲ್ಲಿ 140 ಡೈವ್ ಕಂಡರೆ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ. ನನ್ನ ಮಟ್ಟಿಗೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಹೊಸದಾಗಿ ಕೊಳ್ಳಬೇಕಾದ ಮೊದಲ ದೊಡ್ಡ ವಸ್ತು ಕಂಪ್ಯೂಟರ್.

ಉಳಿದವು ಸುಲಭ. ಫಿನ್ಸ್ ಹಳೆಯದಾದರೂ ಚಿಂತೆ ಇಲ್ಲ, ಬಿರುಕಿಲ್ಲದೆ ಕಾಲಿಗೆ ಹೊಂದಿದರೆ ಸಾಕು. ಮಾಸ್ಕ್ ಅನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿಂದ ಉಸಿರೆಳೆದಾಗ ಬೀಳದೆ ನಿಂತರೆ ಅದು ನಿಮ್ಮದು, ಅದಿಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಮೌತ್‌ಪೀಸ್ ಮಾತ್ರ ಹೊಸದು ಹಾಕಿಸಿ. ವೆಟ್‌ಸೂಟ್‌ನ ನಿಯೋಪ್ರಿನ್ ಆಳಕ್ಕೆ ಹೋಗಿಹೋಗಿ ಚಪ್ಪಟೆಯಾಗುತ್ತದೆ, 3 ಎಂ.ಎಂ. ಎಂದು ಬರೆದದ್ದು 2 ಆಗಿರಬಹುದು. ನಮ್ಮ ಬೆಚ್ಚಗಿನ ಕಡಲಿಗೆ ಅದೂ ನಡೆಯುತ್ತದೆ. ಯುರೋಪಿನಿಂದ ತಂದ 7 ಎಂ.ಎಂ. ಸೂಟ್ ಮಾತ್ರ ನೇತ್ರಾಣಿಯಲ್ಲಿ ಕಂಬಳಿ ಹೊದ್ದು ಮೇ ತಿಂಗಳ ಬಿಸಿಲಿಗೆ ನಿಂತಂತೆ.

ಕೊಳ್ಳುವುದೇ ಆದರೆ

ಮೂಲ ಬಿಲ್, ಸೀರಿಯಲ್ ನಂಬರ್, ಸರ್ವಿಸ್ ಮಾಡಿಸಿದ ರಸೀದಿ ಕೇಳಿ. ಇವು ಇಲ್ಲದಿದ್ದರೆ ಆ ಕಿಟ್ ಎಂದೂ ಸರ್ವಿಸ್ ಆಗಿಲ್ಲ ಎಂದೇ ಹಿಡಿದು ಬೆಲೆ ಕಟ್ಟಿ. ಫುಜೈರಾದಲ್ಲೋ ಮಾಲ್ಡೀವ್ಸ್‌ನಲ್ಲೋ ಡೈವಿಂಗ್ ಮಾಡುತ್ತಿದ್ದು ಊರಿಗೆ ಮರಳಿದ ಪರಿಚಿತರ ಕಿಟ್ ಆದರೆ ವಾಸಿ, ಅದು ಎಲ್ಲಿ ಹೇಗೆ ಬಳಕೆಯಾಗಿದೆ ಎಂದು ಅವರು ಬಾಯಿಬಿಟ್ಟು ಹೇಳುತ್ತಾರೆ. ಅಪರಿಚಿತರಾದರೆ 'ಟೆಕ್ನಿಷಿಯನ್ ನೋಡಿ ಸರಿ ಎಂದ ಮೇಲೆ ಪೂರ್ತಿ ದುಡ್ಡು' ಎಂಬ ಷರತ್ತು ಇಡಿ. ಪಾರ್ಸೆಲ್ ಮಾಡುತ್ತೇನೆ, ಮೊದಲು ಯುಪಿಐ ಮಾಡಿ ಎಂದರೆ ಮಾತು ಅಲ್ಲಿಗೇ ಮುಗಿಸಿ. ಇಡೀ ಸೆಟ್ ಬದಲು ಜಾಕೆಟ್ ಮತ್ತು ಫಿನ್ಸ್ ಮಾತ್ರ ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಬಹಳ ಸಲ ಅದೇ ಒಳ್ಳೆಯ ವ್ಯಾಪಾರ.

ಕೊಂಡ ಮೇಲೆ ಜಾಹೀರಾತಿನಲ್ಲಿ 'ಇತ್ತೀಚೆಗಷ್ಟೇ ಸರ್ವಿಸ್ ಆಗಿದೆ' ಎಂದಿದ್ದರೂ ನಿಮ್ಮ ಹೆಸರಲ್ಲಿ ಒಮ್ಮೆ ರೆಗ್ಯುಲೇಟರ್ ಸರ್ವಿಸ್ ಮಾಡಿಸಿ. ಮೊದಲ ಪ್ರಯೋಗ ತರಬೇತುದಾರರ ಎದುರು ಈಜುಕೊಳದಲ್ಲಿ, ಎರಡನೆಯದು ಐದಾರು ಮೀಟರ್ ಆಳದಲ್ಲಿ, ಕಂಪ್ಯೂಟರ್‌ನ ಆಳದ ಅಂಕಿಯನ್ನು ಜೊತೆಗಾರರದ್ದರ ಜತೆ ಹೋಲಿಸುತ್ತಾ. ಹಿಂತಿರುಗಿ ಬಂದ ದಿನವೇ ಫಸ್ಟ್ ಸ್ಟೇಜ್‌ನ ಮುಚ್ಚಳ ಬಿಗಿಯಾಗಿ ಹಾಕಿ, ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಿ ತೊಳೆದು, ನೆರಳಲ್ಲಿ ಒಣಗಿಸಿ. ಅಹಮದಾಬಾದ್‌ನ ಬೇಸಿಗೆಯಲ್ಲಿ ಬಾಲ್ಕನಿಯ ಬಿಸಿಲಿಗೋ ಕಾರಿನ ಡಿಕ್ಕಿಗೋ ಹಾಕಿಟ್ಟರೆ ರಬ್ಬರ್ ಬೇಗ ಸತ್ತುಹೋಗುತ್ತದೆ.